ಹೈ-ಸಿ, 3ಡಿ ಫಿಶ್: ಎರಡನ್ನೂ ಮಾಡಿ ನೋಡಿದ ಮೇಲೆ

ನಾನು ಮಾಡಿ ನೋಡಿದ್ದು ಎರಡು ವಿಧಾನ: ಕೋಶಕೇಂದ್ರದಲ್ಲಿ ಡಿಎನ್‌ಎಯ ಯಾವ ಭಾಗ ಯಾವುದಕ್ಕೆ ಹತ್ತಿರ ಎಂದು ಓದಿ ನಕ್ಷೆ ಮಾಡುವ ಹೈ-ಸಿ, ಜೀನನ್ನು ಮೈಕ್ರೋಸ್ಕೋಪಿನಲ್ಲಿ ಹೊಳೆಯುವ ಚುಕ್ಕೆಯಾಗಿ ತೋರಿಸುವ 3ಡಿ ಫಿಶ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 3ಡಿ ಫಿಶ್‌ಗೆ. ಇಟ್ಟಿದ್ದ ದುಡ್ಡಿನಲ್ಲಿ ಬಹುಪಾಲನ್ನು ಹೈ-ಸಿ ನುಂಗಿತು. ಬಂದ ನಕ್ಷೆ ಸೊಗಸಾಗಿತ್ತು, ನನ್ನ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆ ಸಣ್ಣದು: ಒಂದು ಜೀನ್ ಸುಮ್ಮನಾದಾಗ ಕೋಶಕೇಂದ್ರದ ಅಂಚಿಗೆ ಸರಿಯುತ್ತದೆಯೋ ಇಲ್ಲವೋ. ಹೈ-ಸಿಯಲ್ಲಿ ಫಾರ್ಮಾಲ್ಡಿಹೈಡ್ ಹಾಕಿ ಕ್ರೊಮ್ಯಾಟಿನ್ ಅನ್ನು (ಪ್ರೋಟೀನುಗಳಿಗೆ ಸುತ್ತಿಕೊಂಡ ಡಿಎನ್‌ಎಯನ್ನು) ಇದ್ದಲ್ಲೇ ಬಿಗಿದು, ಡಿಎನ್‌ಎ ಕತ್ತರಿಸಿ, ಹತ್ತಿರವಿದ್ದ ತುದಿಗಳನ್ನು ಬೆಸೆದು ಓದುತ್ತೇವೆ. ಯಾವುದಕ್ಕೆ ಯಾವುದು ನೆರೆ ಎಂಬುದಷ್ಟೇ ಸಿಗುತ್ತದೆ. ಆ ನೆರೆಹೊರೆ ಇರುವುದು ಅಂಚಿನಲ್ಲೋ ನಡುವೆಯೋ ನೇರವಾಗಿ ತಿಳಿಯದು. ನಕ್ಷೆಯಲ್ಲಿ ಕಾಣುವ ಬಿ ಕಂಪಾರ್ಟ್‌ಮೆಂಟ್ (ಸುಮ್ಮನಿರುವ, ಮುದುಡಿದ ಕ್ರೊಮ್ಯಾಟಿನ್ ಗುಂಪು) ಅಂದರೆ ಅಂಚು ತಾನೇ ಎನ್ನುವವರಿದ್ದಾರೆ. ಆದರೆ ಅಂಥ ಮುದುಡಿದ ಕ್ರೊಮ್ಯಾಟಿನ್ ಕೋಶಕೇಂದ್ರದ ಒಳಗಿನ ನ್ಯೂಕ್ಲಿಯೋಲಸ್ ಎಂಬ ಉಂಡೆಯ ಸುತ್ತಲೂ ಇರುತ್ತದೆ.

ಇನ್ನು ರೀಡ್‌ಗಳ, ಅಂದರೆ ಯಂತ್ರ ಓದಿಕೊಡುವ ಡಿಎನ್‌ಎ ತುಣುಕುಗಳ, ಗೋಳು. ನಕ್ಷೆ ಜೋಡಿಗಳದ್ದು, ಹಾಗಾಗಿ ಹತ್ತು ಪಟ್ಟು ಸೂಕ್ಷ್ಮ ಬೇಕೆಂದರೆ ಸುಮಾರು ನೂರು ಪಟ್ಟು ರೀಡ್ ಬೇಕು. 2009ರ ಮೊದಲ ಹೈ-ಸಿ ನಕ್ಷೆಯಲ್ಲಿ ಒಂದೊಂದು ಚೌಕ 10 ಲಕ್ಷ ಬೇಸಿನದು (ಬೇಸ್ ಅಂದರೆ ಡಿಎನ್‌ಎಯ ಒಂದು ಅಕ್ಷರ). 2014ರಲ್ಲಿ ಸಾವಿರ ಬೇಸಿನ ಮಟ್ಟಕ್ಕಿಳಿಯಲು ಮನುಷ್ಯರ ಒಂದೇ ಬಗೆಯ ಕೋಶದಿಂದ ಸುಮಾರು 490 ಕೋಟಿ ಸಂಪರ್ಕಗಳನ್ನು ಕಲೆಹಾಕಬೇಕಾಯಿತು.

ಲೈಬ್ರರಿಯಲ್ಲಿ, ಅಂದರೆ ಓದಿಸಲು ಸಿದ್ಧಮಾಡಿದ ಡಿಎನ್‌ಎ ಸಂಗ್ರಹದಲ್ಲಿ, ಬೇರೆಬೇರೆ ತುಂಡುಗಳು ಕಡಿಮೆಯಿದ್ದರಂತೂ ದುಡ್ಡು ಸುರಿದಷ್ಟೂ ಪಿಸಿಆರ್ ನಕಲುಗಳೇ (ಡಿಎನ್‌ಎ ಹೆಚ್ಚಿಸುವಾಗ ಆಗುವ ಒಂದೇ ತುಂಡಿನ ಪ್ರತಿಗಳು) ಬರುತ್ತವೆ. ನಮ್ಮಲ್ಲಿ ಆದದ್ದು ಅದೇ: ಎರಡನೇ ಸುತ್ತಿನ ಸೀಕ್ವೆನ್ಸಿಂಗ್‌ನಲ್ಲಿ ಹೊಸದಾಗಿ ದಕ್ಕಿದ್ದು ಬಹಳ ಕಡಿಮೆ. ಮೊದಲು ಸ್ವಲ್ಪವೇ ಓದಿಸಿ, ನಕಲಿನ ಪ್ರಮಾಣ ನೋಡಿ, ಆಮೇಲೆ ಮುಂದುವರಿಯುವುದು ಒಳ್ಳೆಯದು.

ಫಿಶ್‌ನಲ್ಲಿ ಜೀನಿಗೆ ಹೊಳೆಯುವ ಪ್ರೋಬ್ (ಆ ಜೀನಿಗೇ ಅಂಟುವ ಡಿಎನ್‌ಎ ತುಂಡು), ಅಂಚಿಗೆ ಅಲ್ಲಿರುವ ಲ್ಯಾಮಿನ್ ಪ್ರೋಟೀನಿಗೆ ಅಂಟುವ ಪ್ರತಿಕಾಯ. ಚುಕ್ಕೆಯಿಂದ ಅಂಚಿಗೆ ದೂರ ಅಳೆದರಾಯಿತು. ಮನುಷ್ಯರ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ 18ನೇ ವರ್ಣತಂತು ಅಂಚಿನ ಕಡೆ, ಜೀನ್‌ಗಳು ಕಿಕ್ಕಿರಿದ 19ನೆಯದು ಒಳಗಡೆ ಎಂದು ತೋರಿಸಿಕೊಟ್ಟದ್ದೂ ಫಿಶ್ಶೇ. ನನ್ನ ಸ್ಲೈಡುಗಳಲ್ಲಿ, ಜೀನಿನ ಒಂದು ಪ್ರತಿ ಅಂಚಿಗೆ ಅಂಟಿದ್ದು ಇನ್ನೊಂದು ನಡುವೆ ಇದ್ದ ಕೋಶಗಳೂ ಕಂಡವು. ಹೈ-ಸಿ ಕೊಡುವ ಲಕ್ಷಾಂತರ ಕೋಶಗಳ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ಫಿಶ್‌ಗೂ ಕಾಟಗಳಿವೆ. ಸ್ಲೈಡ್ ಒಣಗಿದರೆ ಕೋಶಕೇಂದ್ರ ಚಪ್ಪಟೆಯಾಗಿ 3ಡಿ ಹೆಸರಿಗಷ್ಟೇ ಉಳಿಯುತ್ತದೆ. ಪ್ರೋಬ್ ಅಂಟಲೆಂದು ಡಿಎನ್‌ಎ ಎಳೆ ಬಿಡಿಸಲು ಫಾರ್ಮಮೈಡ್‌ನಲ್ಲಿ ಬಿಸಿ ಮಾಡುವಾಗ ಸೂಕ್ಷ್ಮ ರಚನೆ ಅಷ್ಟಿಷ್ಟು ಕೆಡುತ್ತದೆ. ಸಾಮಾನ್ಯ ಮೈಕ್ರೋಸ್ಕೋಪಿಗೆ 200 ನ್ಯಾನೋಮೀಟರ್‌ಗಿಂತ ಹತ್ತಿರದ ಚುಕ್ಕೆಗಳು ಬೇರೆಬೇರೆ ಕಾಣವು.

ಹೈ-ಸಿಯದೇ ಬಗೆಯ ಮೈಕ್ರೋ-ಸಿ ಇನ್ನೂ ಸೂಕ್ಷ್ಮ, ಆದರೆ ಅದಕ್ಕೂ ರೀಡ್‌ಗಳ ಹಸಿವು ಜೋರು.

ಎಲ್ಲಿ ನೋಡಬೇಕೆಂದೇ ಗೊತ್ತಿಲ್ಲದವರು, ಟ್ಯಾಡ್ (ತನ್ನೊಳಗೇ ಹೆಚ್ಚು ಸಂಪರ್ಕವಿರುವ ಡಿಎನ್‌ಎ ವಲಯ) ಗಡಿ ಮುರಿದಿದೆಯೇ ಎಂದು ಇಡೀ ಜೀನೋಮ್ ಜಾಲಾಡುವವರು ಹೈ-ಸಿಯನ್ನೇ ಮಾಡಿಸಲಿ. ನನಗೆ ನೋಡಬೇಕಾದ ಜೀನ್‌ಗಳು ಬೆರಳೆಣಿಕೆಯಷ್ಟು, ಕಾನ್‌ಫೋಕಲ್ ಮೈಕ್ರೋಸ್ಕೋಪ್ ಕೈಗೆ ಸಿಗುತ್ತದೆ, ಕತ್ತಲೆ ಕೋಣೆಯಲ್ಲಿ ಕೂತು ಚುಕ್ಕೆ ಎಣಿಸುವುದು ಬೇಜಾರಿಲ್ಲ. ಮುಂದಿನ ಸಲ ಉಳಿದ ದುಡ್ಡಿಗೆ ಪ್ರೋಬ್ ತರಿಸುತ್ತೇನೆ.