ಆಫ್ಟರ್ ಎಫೆಕ್ಟ್ಸ್‌ನ ಟೆಕ್ಸ್ಟ್ ಅನಿಮೇಟರ್: ಒಂದೇ ಲೇಯರಿನಲ್ಲಿ ಮೂರು ಅನಿಮೇಶನ್

ಟೈಟಲ್ ಕೆಳಗಿನಿಂದ ಒಂದೊಂದೇ ಅಕ್ಷರವಾಗಿ ಮೇಲೆ ಬರಬೇಕು, ಬಂದ ಮೇಲೆ ಸುಮ್ನೆ ನಿಲ್ಲದೆ ಸಣ್ಣಗೆ ಅಲುಗಾಡುತ್ತಿರಬೇಕು, ಕೊನೆಗೆ ಎಡಗಡೆಯಿಂದ ಮಾಯವಾಗುತ್ತಾ ಹೋಗಬೇಕು. ಇಷ್ಟೂ ಒಂದೇ ಟೆಕ್ಸ್ಟ್ ಲೇಯರಿನಲ್ಲಿ ಆಗುತ್ತದಾ? ಅಡೋಬಿಯ ಮೋಶನ್ ಗ್ರಾಫಿಕ್ಸ್ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅದಕ್ಕಿರುವ ಸಾಧನ ಟೆಕ್ಸ್ಟ್ ಅನಿಮೇಟರ್ ಬಂದದ್ದು 2003ರಲ್ಲಿ, 6.0 ಆವೃತ್ತಿಯ ಜೊತೆ. ಅಷ್ಟು ಹಳೆಯದು, ಆದರೂ ಟೈಟಲ್ ಕೆಲಸ ಅಂದರೆ ನಾನು ಮೊದಲು ತೆರೆಯುವುದು ಇದನ್ನೇ.

ಶುರುವಿನಲ್ಲಿ ತಲೆ ಕೆಡಿಸುವ ವಿಷಯ ಒಂದೇ. ಅನಿಮೇಟರ್ ಬೇರೆ, ಸೆಲೆಕ್ಟರ್ ಬೇರೆ. ಅಕ್ಷರಕ್ಕೆ ಏನಾಗಬೇಕು ಅಂತ ಹೇಳುವುದು ಅನಿಮೇಟರ್: ಪೊಸಿಷನ್, ಒಪಾಸಿಟಿ (ಅಕ್ಷರ ಎಷ್ಟು ಕಾಣಬೇಕು ಅನ್ನುವುದು), ಸ್ಕೇಲ್, ಬ್ಲರ್ ಎಲ್ಲ ಅದರೊಳಗೆ ಇರುತ್ತವೆ. ಯಾವ ಅಕ್ಷರಕ್ಕೆ, ಎಷ್ಟು ಆಗಬೇಕು ಅಂತ ನೋಡಿಕೊಳ್ಳುವುದು ಸೆಲೆಕ್ಟರ್. ಇದು ತಲೆಗೆ ಹೋಗುವವರೆಗೆ ಎರಡು ಅನಿಮೇಶನ್ ಸೇರಿಸಲು ಹೋದಾಗೆಲ್ಲ ಗೋಜಲೇ.

ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲ ಅನಿಮೇಟರಿನಲ್ಲಿ ಪೊಸಿಷನ್ 0, 60 ಮತ್ತು ಒಪಾಸಿಟಿ 0. ಅದರ ಜೊತೆಗೇ ಬರುವ ರೇಂಜ್ ಸೆಲೆಕ್ಟರ್ ಒಳಗೆ ಅಡ್ವಾನ್ಸ್ಡ್ ತೆರೆದು ಶೇಪ್ ಅನ್ನು ರ್‍ಯಾಂಪ್ ಅಪ್ ಮಾಡಿ, ಆಫ್‌ಸೆಟ್‌ಗೆ (ಆಯ್ದ ಭಾಗವನ್ನು ಸಾಲಿನುದ್ದಕ್ಕೂ ಸರಿಸುವ ಅಂಕಿ) ಎರಡು ಕೀಫ್ರೇಮ್ (ಇಂಥ ಹೊತ್ತಿಗೆ ಇಂಥ ಅಂಕಿ ಅನ್ನುವ ಗುರುತು), −100ರಿಂದ 100ಕ್ಕೆ. ಅಷ್ಟೇ, ಅಕ್ಷರಗಳು ಒಂದರ ಹಿಂದೆ ಒಂದು ಮೆತ್ತಗೆ ಎದ್ದು ಬರುತ್ತವೆ. ಶೇಪ್ ಬದಲಿಸದೆ ಸ್ಕ್ವೇರ್‌ನಲ್ಲೇ ಬಿಟ್ಟರೆ ಈ ಕೀಫ್ರೇಮ್‌ಗಳಿಗೆ ಬೇಕಾದ ಫಲ ಸಿಗುವುದಿಲ್ಲ, ಅದನ್ನು ಮಾತ್ರ ಮರೆಯಬೇಡಿ.

ಅಲುಗಾಟಕ್ಕೆ ವಿಗ್ಲಿ ಸೆಲೆಕ್ಟರ್ ಇದೆ. ಆದರೆ ಅದನ್ನು ಮೊದಲ ಅನಿಮೇಟರಿಗೇ ಹಾಕಿದರೆ ಎರಡು ತೊಂದರೆ. ಅಲ್ಲಿರುವ ಒಪಾಸಿಟಿಯೂ ಅದರ ಕೈಗೆ ಸಿಕ್ಕಿ ಅಕ್ಷರಗಳು ಬರುವಾಗ ಮಿಣಮಿಣ ಅನ್ನುತ್ತವೆ. ಇನ್ನೊಂದು, ವಿಗ್ಲಿಯ ಮೋಡ್ ಮೊದಲಿನಿಂದಲೇ ಇಂಟರ್ಸೆಕ್ಟ್ ಆಗಿರುತ್ತದೆ, ಅಂದರೆ ರೇಂಜ್ ಹಿಡಿದಿರುವ ಅಕ್ಷರಗಳ ಮೇಲಷ್ಟೇ ಅದರ ಆಟ, ರೇಂಜ್ ದಾಟಿ ಹೋದ ಕೂಡಲೇ ಅಲುಗಾಟವೂ ನಿಂತುಹೋಗುತ್ತದೆ. ನಮಗೆ ಬೇಕಾದದ್ದು ಬಂದ ಮೇಲೂ ಅಲುಗಾಡುವುದು ಅಲ್ವಾ? ಹಾಗಾಗಿ ಲೇಯರ್‌ಗೆ ಹೊಸ ಅನಿಮೇಟರ್ ಕೊಟ್ಟು, ಪೊಸಿಷನ್ 0, 6 ಇಟ್ಟು, ಅದಕ್ಕೆ ವಿಗ್ಲಿ ಸೇರಿಸಿ. ಕೋರಿಲೇಶನ್ 100 ಇದ್ದರೆ ಇಡೀ ಸಾಲು ಒಟ್ಟಿಗೆ ಕುಣಿಯುತ್ತದೆ, 0 ಇದ್ದರೆ ಪ್ರತಿ ಅಕ್ಷರಕ್ಕೂ ಅದರದೇ ದಾರಿ. ನನಗೆ 50ರ ಸುತ್ತಮುತ್ತ ಇಷ್ಟ.

ಹೋಗುವುದಕ್ಕೆ ಮೂರನೇ ಅನಿಮೇಟರ್, ಬರೀ ಒಪಾಸಿಟಿ 0. ಇದರಲ್ಲಿ ಶೇಪ್ ರ್‍ಯಾಂಪ್ ಡೌನ್, ಆಫ್‌ಸೆಟ್ ಅದೇ −100ರಿಂದ 100. ಎಡಗಡೆಯ ಅಕ್ಷರ ಮೊದಲು ಮಾಯ. ಒಂದು ಅನಿಮೇಟರಿಗೆ ಒಂದೇ ಕೆಲಸ ಕೊಡುವುದರಲ್ಲಿ ಎಷ್ಟು ಸುಖ ಇದೆ ಅಂತ ಮೂರೂ ಒಟ್ಟಿಗೆ ಓಡುವಾಗ ಗೊತ್ತಾಗುತ್ತದೆ. ಅನಿಮೇಟರ್ ಆಯ್ದು ಎಂಟರ್ ಒತ್ತಿ ಬರುವುದು, ಅಲುಗಾಟ, ಹೋಗುವುದು ಅಂತ ಹೆಸರನ್ನೂ ಕೊಟ್ಟುಬಿಡಿ.

ಸಿದ್ಧ ಪ್ರಿಸೆಟ್‌ಗಳೂ ಬೇಕಾದಷ್ಟಿವೆ. ಅನಿಮೇಟ್ ಇನ್ ಒಂದು, ಅನಿಮೇಟ್ ಔಟ್ ಒಂದು ಹಾಕಿದರೆ ಜಗಳವಿಲ್ಲದೆ ಹೊಂದಿಕೊಳ್ಳುತ್ತವೆ. ಕೀಫ್ರೇಮ್‌ಗಳು ಪ್ಲೇಹೆಡ್ (ಟೈಮ್‌ಲೈನಿನಲ್ಲಿ ಈಗಿನ ಹೊತ್ತು ತೋರಿಸುವ ಗೆರೆ) ಇರುವ ಜಾಗದಿಂದ ಶುರುವಾಗುತ್ತವೆ, ಎರಡನೆಯದನ್ನು ಹಾಕುವ ಮೊದಲು ಪ್ಲೇಹೆಡ್ ಸರಿಸಿಕೊಳ್ಳಿ. ಅನಿಮೇಟ್ ಇನ್ ಎರಡನ್ನು ಒಂದರ ಮೇಲೊಂದು ಹಾಕಿ, ಎರಡರಲ್ಲೂ ಒಪಾಸಿಟಿ 0 ಇದ್ದರೆ ಮಾತ್ರ ಎರಡೂ ಬಿಟ್ಟುಕೊಡುವವರೆಗೆ ಅಕ್ಷರ ಕಾಣುವುದಿಲ್ಲ. ಒಂದರ ಒಪಾಸಿಟಿ ಅಳಿಸಿ, ಸರಿಹೋಗುತ್ತದೆ.

ಕನ್ನಡದ ಸಾಲಿಗೆ ಒಂದು ಮಾತು. ಒತ್ತಕ್ಷರ ಜಾಸ್ತಿ ಇದ್ದರೆ ಬೇಸ್ಡ್ ಆನ್ ಅನ್ನುವ ಜಾಗದಲ್ಲಿ ಕ್ಯಾರೆಕ್ಟರ್ಸ್ ಬಿಟ್ಟು ವರ್ಡ್ಸ್ ಆರಿಸಿ. ಪದ ಇಡಿಯಾಗಿ ಚಲಿಸುತ್ತದೆ, ಓದಲೂ ಆರಾಮ.

ಕೊರತೆ ಇಲ್ಲವೇ ಅಂದರೆ ಇದೆ. ಪ್ರತಿ ಅಕ್ಷರವೂ ಚೆಂಡಿನ ಹಾಗೆ ಪುಟಿದು ನಿಲ್ಲಬೇಕು ಅಂದರೆ ರೇಂಜ್ ಸೆಲೆಕ್ಟರಿನಲ್ಲಿ ಚಲನೆಯನ್ನು ಮೆತ್ತಗಾಗಿಸುವ ಈಸ್ ಹೈ, ಈಸ್ ಲೋ ಎರಡೇ ಸಾಲುವುದಿಲ್ಲ, ಎಕ್ಸ್‌ಪ್ರೆಶನ್ ಸೆಲೆಕ್ಟರ್ ಹಾಕಿ ಟೆಕ್ಸ್ಟ್‌ಇಂಡೆಕ್ಸ್ (ಅಕ್ಷರದ ಕ್ರಮಸಂಖ್ಯೆ) ಹಿಡಿದು ಲೆಕ್ಕ ಬರೆಯಬೇಕು. ಕೋಡ್ ಅಂದರೆ ದೂರ ಓಡುವವರಿಗೆ ಇದು ಕಷ್ಟ. ಈ ಒಂದು ವಿಷಯದಲ್ಲಿ ಬ್ಲ್ಯಾಕ್‌ಮ್ಯಾಜಿಕ್‌ನ ಫ್ಯೂಷನ್ ತಂತ್ರಾಂಶದಲ್ಲಿರುವ ಫಾಲೋವರ್ ನನಗೆ ಹೆಚ್ಚು ಹಿಡಿಸಿತು, ಅಲ್ಲಿ ಚಲನೆಯನ್ನು ಒಮ್ಮೆ ಕೀಫ್ರೇಮ್ ಮಾಡಿ ಡಿಲೇ ಕೊಟ್ಟರೆ ಉಳಿದ ಅಕ್ಷರಗಳು ಅದನ್ನೇ ಹಿಂಬಾಲಿಸುತ್ತವೆ.

ಆದರೂ ನಾನು ಅನಿಮೇಟರ್ ಬಿಡದಿರುವುದಕ್ಕೆ ಕಾರಣ ಬೇರೆ. ಒಮ್ಮೆ ಅವಸರದಲ್ಲಿ ಎಲ್ಲಿಂದಲೋ ಒಂದು ಟೆಂಪ್ಲೇಟ್ ತಂದು ಬಳಸಿದ್ದೆ. ತೆರೆದು ನೋಡಿದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಲೇಯರ್, ಮೇಲೊಂದು ಮಾಸ್ಕ್. ಕೆಲಸ ಕೊಟ್ಟವರು ಕೊನೆ ಗಳಿಗೆಯಲ್ಲಿ ಹೆಸರಿಗೆ ಎರಡಕ್ಷರ ಸೇರಿಸಿ ಅಂದರು, ಅರ್ಧ ರಾತ್ರಿ ಅದಕ್ಕೇ ಹೋಯಿತು. ಅನಿಮೇಟರಿನಲ್ಲಿ ಮಾಡಿದ್ದರೆ ಪಠ್ಯದ ಮೇಲೆ ಡಬಲ್ ಕ್ಲಿಕ್ ಮಾಡಿ ಟೈಪ್ ಮಾಡುವಷ್ಟೇ ಕೆಲಸ. ಹೊಸ ಅಕ್ಷರಗಳೂ ಅದೇ ಸಾಲಿನಲ್ಲಿ ಎದ್ದು ಬಂದು, ಅಲುಗಾಡಿ, ಹೋಗುತ್ತವೆ.

ಈಗ ಆ ಮೂರು ಅನಿಮೇಟರ್‌ಗಳನ್ನು ಒಟ್ಟಿಗೆ ಆಯ್ದು ಸೇವ್ ಅನಿಮೇಶನ್ ಪ್ರಿಸೆಟ್ ಕೊಟ್ಟು ಇಟ್ಟುಕೊಂಡಿದ್ದೇನೆ. ಹೊಸ ಟೈಟಲ್ ಬಂದಾಗ ಅದನ್ನು ಲೇಯರಿಗೆ ಎಳೆದು ಹಾಕಿ, ಕೊನೆಯ ಎರಡು ಕೀಫ್ರೇಮ್ ಮಾತ್ರ ಬೇಕಾದ ಕಡೆ ಸರಿಸುತ್ತೇನೆ.