ಹಳೆ ವಿದ್ಯಾರ್ಥಿಗಳನ್ನು ಹಿಡಿದಿಡುವುದು ಯಾವುದು? ವಾಟ್ಸಾಪ್, ಪೋರ್ಟಲ್, ಸಮ್ಮಿಲನ, ದತ್ತಿ: ಮಾಡಿ ನೋಡಿದ ಮೇಲೆ

ನಾನು ಓದಿದ್ದು ಎರಡು ಕಡೆ. ಬಿಎಸ್ಸಿ ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ, ಎಂಎಸ್ಸಿ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ, ಪ್ರಾಣಿಶಾಸ್ತ್ರ. ಎರಡೂ ಕಡೆಯ ಹಳೆ ವಿದ್ಯಾರ್ಥಿಗಳನ್ನು ಒಟ್ಟಿಗೆ ಇಡುವ ಕೆಲಸದಲ್ಲಿ ಸುಮಾರು ವರ್ಷಗಳಿಂದ ಇದ್ದೇನೆ. ವಾಟ್ಸಾಪ್ ಗ್ರೂಪ್ ನೋಡಿಕೊಂಡಿದ್ದೇನೆ, ಪೋರ್ಟಲ್‌ಗೆ ಜನರನ್ನು ಸೇರಿಸಲು ಓಡಾಡಿದ್ದೇನೆ, ಸಮ್ಮಿಲನಕ್ಕೆ ಊಟದ ಎಲೆ ಲೆಕ್ಕ ಹಾಕಿದ್ದೇನೆ, ದತ್ತಿಗೆ ದುಡ್ಡು ಕೂಡಿಸಿದ್ದೇನೆ. "ನಮ್ಮ ಕಾಲೇಜಿಗೂ ಒಂದು ಸಂಘ ಮಾಡೋಣ, ಎಲ್ಲಿಂದ ಶುರು ಮಾಡೋದು?" ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಸಂಪರ್ಕ ಬೇರೆ, ಅಭಿಮಾನ ಬೇರೆ. ಸಂಪರ್ಕ ಇಟ್ಟುಕೊಳ್ಳಲು ಫೋನ್ ಸಾಕು. ಆದರೆ ಅಭಿಮಾನ ಉಳಿಯುವುದು, ಈಗ ಅಲ್ಲಿ ಓದುತ್ತಿರುವ ಒಬ್ಬ ಹುಡುಗನಿಗೋ ಹುಡುಗಿಗೋ ನಮ್ಮಿಂದ ಏನಾದರೂ ಆಗಬೇಕು ಅಂತ ಯಾರಾದರೂ ಬಂದು ಕೇಳಿದಾಗ.

ಹೋಲಿಕೆಗೆ ಮುಂಚೆ ಒಂದು ವಿಷಯ. ಗುಂಪು ಎಷ್ಟು ದೊಡ್ಡದಿರಬೇಕು? ಎಲ್ಲರೂ ಇಡೀ ವಿಶ್ವವಿದ್ಯಾನಿಲಯಕ್ಕೆ ಒಂದೇ ಸಂಘ ಅಂತ ಯೋಚಿಸುತ್ತಾರೆ. ಮೈಸೂರಿನ ಉದಾಹರಣೆಯನ್ನೇ ನೋಡಿ. ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರ ಜುಲೈ 27ರಂದು. ಬೆಂಗಳೂರಿನ ಸೆಂಟ್ರಲ್ ಕಾಲೇಜು 1964ರಲ್ಲಿ ಬೆಂಗಳೂರು ವಿವಿ ಆಗುವವರೆಗೂ ಮೈಸೂರಿಗೇ ಸೇರಿತ್ತು. ಅಲ್ಲಿ ಓದಿದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ 1951ರ ಬಿಎಸ್ಸಿ ಮೈಸೂರು ವಿವಿಯದ್ದೇ. ಇನ್ಫೋಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ ಅವರು ಮೈಸೂರಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಇಯಲ್ಲಿ ಓದಿ 1967ರಲ್ಲಿ ಪಡೆದ ಪದವಿಯೂ ಮೈಸೂರಿನದ್ದು. ಆಮೇಲೆ 1980ರಲ್ಲಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಮಂಗಳಗಂಗೋತ್ರಿ ಮಂಗಳೂರು ವಿವಿ ಆಯಿತು, 1987ರಲ್ಲಿ ಶಿವಮೊಗ್ಗದ ಕಡೆ ಕುವೆಂಪು ವಿವಿ ಬಂತು, 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬಂದಾಗ ಎಂಜಿನಿಯರಿಂಗ್ ಕಾಲೇಜುಗಳು ಆ ಕಡೆ ಹೋದವು. ಹೀಗಾಗಿ ಮೈಸೂರಿನ ಡಿಗ್ರಿ ಸರ್ಟಿಫಿಕೇಟ್ ಇಟ್ಟುಕೊಂಡ ಎಷ್ಟೋ ಜನ ಮಾನಸಗಂಗೋತ್ರಿಗೆ ಕಾಲಿಟ್ಟವರೇ ಅಲ್ಲ. ಅವರ ಮನಸ್ಸು ಇರುವುದು ತಮ್ಮ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಲ್ಯಾಬಿನಲ್ಲಿ. ಮಹಾರಾಜಾ ಕಾಲೇಜಿನವರು "ಮಹಾರಾಜಾಸ್" ಅಂತಲೇ ಹೇಳುತ್ತಾರೆ, ಅಲ್ವಾ? ಹಾಗಾಗಿ ನಾನು ಇಲ್ಲಿ ಹೋಲಿಸುವುದೆಲ್ಲ ವಿಭಾಗ ಅಥವಾ ಕಾಲೇಜು ಮಟ್ಟದ ಪ್ರಯತ್ನಗಳು. ಅದಕ್ಕಿಂತ ದೊಡ್ಡ ಗುಂಪಿನಲ್ಲಿ ಯಾರಿಗೂ ಯಾರೂ ಗೊತ್ತಿರುವುದಿಲ್ಲ.

ವಾಟ್ಸಾಪ್ ಮತ್ತು ಫೇಸ್‌ಬುಕ್

ಶುರು ಮಾಡಲು ವಾಟ್ಸಾಪ್‌ಗಿಂತ ಸುಲಭದ್ದು ಇಲ್ಲ. ಖರ್ಚಿಲ್ಲ, ಕಲಿಸಬೇಕಾದ್ದೂ ಇಲ್ಲ. ಮೊದಲು ಒಂದು ಗ್ರೂಪಿಗೆ 256 ಜನರ ಮಿತಿ ಇತ್ತು, 2022ರಲ್ಲಿ ಅದು 512 ಆಗಿ, ಅದೇ ವರ್ಷ 1024 ಆಯಿತು. ಜಾಗ ಸಿಕ್ಕಿತು ಅಂತ ಬ್ಯಾಚುಗಳನ್ನೆಲ್ಲ ಒಂದೇ ಗ್ರೂಪಿಗೆ ತರುವ ಆಸೆ ಎಲ್ಲ ಕಡೆ ಹುಟ್ಟಿತು. ನಮ್ಮಲ್ಲೂ ಆಯಿತು. ದೊಡ್ಡ ಗ್ರೂಪಿನಲ್ಲಿ ಮಾತಾಡುವವರು ಹತ್ತು ಹನ್ನೆರಡು ಜನ, ಉಳಿದವರು ಮ್ಯೂಟ್. ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ, ಚುನಾವಣೆ ಬಂದರೆ ಜಗಳ, ಜಗಳ ಆದ ಮೇಲೆ ನಾಲ್ಕು ಜನ ಲೆಫ್ಟ್. ಬ್ಯಾಚಿನ ಚಿಕ್ಕ ಗ್ರೂಪಿನಲ್ಲಿ ಮಾತ್ರ ನಿಜವಾದ ಮಾತು ನಡೆಯುತ್ತದೆ. ಯಾರ ತಾಯಿ ಆಸ್ಪತ್ರೆಯಲ್ಲಿದ್ದಾರೆ, ಯಾರಿಗೆ ವರ್ಗ ಆಯಿತು, ಯಾರ ಮಗನಿಗೆ ಮೈಸೂರಿನಲ್ಲಿ ಉಳಿಯಲು ಪಿಜಿ ಬೇಕು, ಎಲ್ಲ ಅಲ್ಲೇ.

ಆದರೂ ಆ ದೊಡ್ಡ ಗ್ರೂಪಿನಲ್ಲಿ ಒಂದು ದಿನ ನಡೆದದ್ದನ್ನು ಹೇಳಲೇಬೇಕು. ನಮ್ಮ ವಿಭಾಗದಲ್ಲಿ ಡ್ರೊಸೊಫಿಲಾ, ಅಂದರೆ ಹಣ್ಣಿನ ಮೇಲೆ ಕೂರುವ ಪುಟ್ಟ ನೊಣಗಳನ್ನು ಸಂಶೋಧನೆಗೆ ಸಾಕಿಡುವ ಸ್ಟಾಕ್ ಸೆಂಟರ್ ಇದೆ. ಆ ನೊಣಗಳಿಗೆ ಊಟ ನಾವೇ ಬೇಯಿಸಬೇಕಿತ್ತು: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್, ಬೂಸ್ಟು ಬರದಿರಲು ಕೊನೆಗೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್. ಕುದಿಯುವಾಗ ಇಡೀ ಕಾರಿಡಾರು ಸಜ್ಜಿಗೆ ಮಾಡುವ ಅಡುಗೆಮನೆಯ ಹಾಗೆ ಘಮ್ಮೆನ್ನುತ್ತಿತ್ತು. ಈಗಿನ ಒಬ್ಬ ವಿದ್ಯಾರ್ಥಿನಿ ಬಿಸಿ ಮೀಡಿಯಾವನ್ನು (ಈ ಊಟಕ್ಕೆ ಲ್ಯಾಬಿನ ಹೆಸರು) ಬಾಟಲಿಗಳಿಗೆ ಸುರಿಯುತ್ತಿರುವ ಫೋಟೋ ಹಾಕಿ, "ಇವತ್ತು ರವೆ ಗಂಟಾಯಿತು, ಏನು ಮಾಡಲಿ?" ಅಂತ ಕೇಳಿದಳು. ವರ್ಷಗಟ್ಟಲೆ ಸುಮ್ಮನಿದ್ದವರೆಲ್ಲ ಎದ್ದು ಬಂದರು. ಒಬ್ಬರು ರಿಟೈರ್ಡ್ ಪ್ರಿನ್ಸಿಪಾಲರು, ಇನ್ನೊಬ್ಬರು ಅಮೆರಿಕದ ಲ್ಯಾಬಿನಲ್ಲಿ ಇರುವವರು, ಮತ್ತೊಬ್ಬರು ಕೆಎಎಸ್ ಅಧಿಕಾರಿ. ರವೆಯನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೋ, ಉರಿ ಸಣ್ಣ ಮಾಡು, ಹತ್ತಿಯ ಬಿರಡೆ ಹಾಕುವ ಮುಂಚೆ ಪೂರ್ತಿ ಆರಲಿ, ಹೀಗೆ ರಾತ್ರಿವರೆಗೂ ಸಲಹೆ. ಆ ಹುಡುಗಿಗೆ ಗಂಟಿಲ್ಲದ ಮೀಡಿಯಾ ಸಿಕ್ಕಿತು. ನಮಗೆ ನಮ್ಮ ವಿಭಾಗ ಸಿಕ್ಕಿತು. ಅವತ್ತಿನಿಂದ ನಾನು ಎಲ್ಲ ಪ್ರಯತ್ನಗಳನ್ನೂ ಇದೇ ಅಳತೆಯಲ್ಲಿ ನೋಡುತ್ತಿದ್ದೇನೆ: ಇದರಲ್ಲಿ ಈಗಿನ ವಿದ್ಯಾರ್ಥಿಯ ಒಂದು ಪ್ರಶ್ನೆ ಇದೆಯಾ?

ಫೇಸ್‌ಬುಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆ ಫೋಟೋ ಹಾಕಿ "ಎಡಗಡೆಯಿಂದ ಮೂರನೆಯವರು ಯಾರು?" ಅಂತ ಕೇಳಲು ಒಳ್ಳೆಯ ಜಾಗ. ಕಳೆದುಹೋದ ಹಿರಿಯರು ಕೆಲವರು ಅಲ್ಲೇ ಸಿಕ್ಕಿದರು. ಈಚಿನ ಬ್ಯಾಚಿನವರು ಅಲ್ಲಿ ಇಲ್ಲ.

ಪೋರ್ಟಲ್

ಇದು ನನ್ನ ಬಿಎಸ್ಸಿ ಕಾಲೇಜಿನ ಕಥೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೆ ಅಂತಲೇ ಒಂದು ಭಾಗ ಇದೆ, ನೋಂದಾಯಿತ ಸಂಘ ಇದೆಯಾ ಅಂತಲೂ ಕೇಳುತ್ತಾರೆ. ಅದು ಒಳ್ಳೆಯದೇ. ಆದರೆ ನಮ್ಮ ಕಾಲೇಜಿಗೆ ನಮ್ಮ ನೆನಪಾಗಿದ್ದು ನ್ಯಾಕ್ ತಂಡ ಬರುವ ದಿನ ಹತ್ತಿರವಾದಾಗ ಮಾತ್ರ. ಫೋನ್ ಮೇಲೆ ಫೋನ್: "ದಯವಿಟ್ಟು ಇವತ್ತೇ ರಿಜಿಸ್ಟರ್ ಮಾಡಿ." ಫಾರ್ಮಿನಲ್ಲಿ ಕಂಪನಿ ಹೆಸರು, ಹುದ್ದೆ, ಸಂಬಳ. ಊರಲ್ಲಿ ರೇಷ್ಮೆ ಬೆಳೆಯುವ ನನ್ನ ಗೆಳೆಯ, ಅಂಗನವಾಡಿ ಕಾರ್ಯಕರ್ತೆ ಆಗಿರುವ ಗೆಳತಿ, ಆ ಖಾನೆಗಳಲ್ಲಿ ಏನು ಬರೆಯಬೇಕು? ಇಬ್ಬರೂ ಅರ್ಧಕ್ಕೇ ಬಿಟ್ಟರು. ತಂಡ ಬಂದು ಹೋದ ಮೇಲೆ ಆ ಪೋರ್ಟಲ್‌ನಿಂದ ಒಂದು ಮೇಲ್ ಕೂಡ ಬರಲಿಲ್ಲ.

ಹಾಗಂತ ಪೋರ್ಟಲ್ಲೇ ಬೇಡ ಅನ್ನುತ್ತಿಲ್ಲ. ಹೆಸರು, ಬ್ಯಾಚು, ಊರು, ಫೋನು ಇರುವ ಪಟ್ಟಿ ಬೇಕೇ ಬೇಕು. ನಮ್ಮ ವಿಭಾಗದ ಗುಂಪು ಅದನ್ನು ಒಂದು ಗೂಗಲ್ ಶೀಟಿನಲ್ಲಿ ಇಟ್ಟುಕೊಂಡಿದೆ, ಪ್ರತಿ ಬ್ಯಾಚಿಗೆ ಒಬ್ಬರು ಜವಾಬ್ದಾರಿ. ಫಾರ್ಮಿನಲ್ಲಿ ಸಂಬಳದ ಪ್ರಶ್ನೆ ಇಲ್ಲ. ಅದರ ಬದಲು "ವಿದ್ಯಾರ್ಥಿಗಳು ನಿಮ್ಮನ್ನು ಯಾವ ವಿಷಯಕ್ಕೆ ಕೇಳಬಹುದು?" ಅಂತ ಇದೆ. ಉತ್ತರಗಳು ಓದಲು ಚೆಂದ: ಬಿಎಡ್ ಸೀಟು, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆಸೆಟ್‌ಗೆ ತಯಾರಿ, ರೇಷ್ಮೆ ಸಾಕಣೆ, ಜರ್ಮನಿಯ ಪಿಎಚ್‌ಡಿ ಅರ್ಜಿ, ಮೈಸೂರಿನಲ್ಲಿ ಕಡಿಮೆ ಬಾಡಿಗೆಯ ರೂಮು.

ಸಮ್ಮಿಲನ

ಎರಡು ಕಡೆಯ ಸಮ್ಮಿಲನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಾಲೇಜಿನದು ವೇದಿಕೆ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ಉದ್ಘಾಟನೆ, ಆಮೇಲೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಸನ್ಮಾನಕ್ಕೆ ಕರೆಸಿದವರೆಲ್ಲ ದೊಡ್ಡ ಹುದ್ದೆಯವರು, ಕೆಳಗೆ ಕುರ್ಚಿಯಲ್ಲಿ ಕೂತವರೂ ಅದೇ ಬೆಂಚಿನಲ್ಲಿ ಓದಿದವರೇ. ವಂದನಾರ್ಪಣೆ ಹೊತ್ತಿಗೆ ಊಟದ ಸಮಯ ಮೀರಿರುತ್ತದೆ. ಊಟ ಮುಗಿದರೆ ಬಸ್ಸು. ಮಾತಾಡಬೇಕು ಅಂತ ದೂರದಿಂದ ಬಂದವರು ಮಾತಾಡದೇ ವಾಪಸ್ ಹೋಗುತ್ತಾರೆ. ನನಗೆ ಇದು ಬೇಜಾರಿನ ವಿಷಯ, ಯಾಕೆಂದರೆ ಆ ಜನ ಮುಂದಿನ ಸಲ ಬರುವುದಿಲ್ಲ.

ವಿಭಾಗದ ಸಮ್ಮಿಲನದಲ್ಲಿ ವೇದಿಕೆಯೇ ಇರಲಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಲ್ಲರೂ ಒಂದು ಸುತ್ತು, ಆಮೇಲೆ ಲ್ಯಾಬು. ಈಗಿನ ವಿದ್ಯಾರ್ಥಿಗಳು ಮೈಕ್ರೋಸ್ಕೋಪ್ ಮುಂದೆ ನಿಂತು ತಮ್ಮ ಪ್ರಾಜೆಕ್ಟ್ ವಿವರಿಸಿದರು, ನಾವು ಕೇಳುವವರು. ಕೂದಲು ಬೆಳ್ಳಗಾದವರು ಕನ್ನಡಕ ತೆಗೆದು ಐಪೀಸಿಗೆ ಕಣ್ಣಿಟ್ಟು, "ಇದು ಬಿಳಿ ಕಣ್ಣಿನದು, ಇದು ರೆಕ್ಕೆ ಸುರುಳಿಯದ್ದು" ಅಂತ ಮ್ಯುಟೆಂಟ್‌ಗಳನ್ನು, ಅಂದರೆ ಜೀನ್ ಬದಲಾದ ನೊಣಗಳನ್ನು, ಗುರುತು ಹಿಡಿಯುತ್ತಿದ್ದರು. ನಮ್ಮ ಕಾಲದ ಅಟೆಂಡರನ್ನು ಕರೆಸಿದ್ದೆವು. ಅವರ ಸುತ್ತ ನಿಂತಷ್ಟು ಜನ ಯಾವ ಪ್ರೊಫೆಸರ ಸುತ್ತಲೂ ನಿಂತಿರಲಿಲ್ಲ. ಖರ್ಚು ಕಾಲೇಜಿನದಕ್ಕಿಂತ ಎಷ್ಟೋ ಕಡಿಮೆ, ಪೆಂಡಾಲು ಇಲ್ಲ, ಫ್ಲೆಕ್ಸು ಇಲ್ಲ. ಪ್ರತಿ ವರ್ಷ ಬೇಡ, ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು. ರಜೆ ಹಾಕಿ ಬರುವವರಿಗೆ ಆರು ತಿಂಗಳು ಮುಂಚೆ ದಿನಾಂಕ ತಿಳಿಸಬೇಕು, ಅಷ್ಟೇ.

ಪತ್ರ

ನಾನು ತುಂಬಾ ಇಷ್ಟಪಟ್ಟು ಮಾಡುವ ಕೆಲಸ ಇದು. ಹಳೆ ವಿದ್ಯಾರ್ಥಿಗಳಿಗೆಲ್ಲ ಕಳಿಸುವ ಎರಡು ಪುಟದ ಪಿಡಿಎಫ್, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಕಳಿಸಿದ ಸಂಚಿಕೆಗಳಿಗೆ "ನೈಸ್" ಅಂತ ಬರುತ್ತಿತ್ತು, ಕನ್ನಡಕ್ಕೆ ಉದ್ದುದ್ದ ಉತ್ತರ ಬರುತ್ತದೆ. ಒಂದು ಪುಟ ಹಳೆಯದು, ಒಂದು ಪುಟ ಈಗಿನದು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡಿ ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟು ಎಳೆದುಕೊಂಡು ರೈಲ್ವೆ ಸ್ಟೇಷನ್‌ಗೆ ಬಿಟ್ಟ ಸಂಗತಿ ಎಲ್ಲರಿಗೂ ಗೊತ್ತು, ಆದರೂ ಅದನ್ನು ಬರೆದ ತಿಂಗಳು ಜನ ತಂತಮ್ಮ ಮೇಷ್ಟ್ರುಗಳ ಬಗ್ಗೆ ಬರೆದು ಕಳಿಸಿದರು. ಮಾನಸಗಂಗೋತ್ರಿ ಅಂತ ಹೆಸರಿಟ್ಟ ಕುವೆಂಪು 1956ರಿಂದ 1960ರವರೆಗೆ ಉಪಕುಲಪತಿ ಆಗಿದ್ದರು ಅನ್ನುವುದು ಈಗಿನ ಎಷ್ಟೋ ಮಕ್ಕಳಿಗೆ ಹೊಸ ಸುದ್ದಿ. ಬರೀ ಹಳೆ ವೈಭವ ಬರೆದರೆ ಮಾತ್ರ ಸಾಲದು. ಈ ವರ್ಷ ಯಾರು ನೆಟ್ ಪಾಸಾದರು, ಯಾವ ಉಪಕರಣ ಬಂತು, ಎರಡನೇ ಪುಟದಲ್ಲಿ ಅದು ಇರಲೇಬೇಕು.

ದತ್ತಿಯೋ, ನೇರ ಸಹಾಯವೋ?

ನಮ್ಮಲ್ಲಿ ತೀರಿಹೋದ ಗುರುಗಳ ಹೆಸರಲ್ಲಿ ದತ್ತಿ ಇಡುವುದು ದೊಡ್ಡ ಸಂಪ್ರದಾಯ. ಘಟಿಕೋತ್ಸವದಲ್ಲಿ ಕೊಡುವ ಚಿನ್ನದ ಪದಕ, ನಗದು ಬಹುಮಾನ, ದತ್ತಿ ಉಪನ್ಯಾಸ ಇವೆಲ್ಲ ಹೀಗೆ ಬಂದವು. ಗೌರವದ ಕೆಲಸ, ನಾನೂ ಸೇರಿದ್ದೇನೆ. ಆದರೆ ಲೆಕ್ಕ ನೋಡಿ. ಒಂದು ಲಕ್ಷ ಠೇವಣಿ ಇಟ್ಟರೆ, ಶೇಕಡಾ 7 ಬಡ್ಡಿ ಹಿಡಿದರೂ ವರ್ಷಕ್ಕೆ 7,000 ರೂಪಾಯಿ. ಚಿನ್ನದ ಬೆಲೆ ಏರುತ್ತದೆ, ಬಡ್ಡಿ ಏರುವುದಿಲ್ಲ. ಪದಕ ತೆಳುವಾಗುತ್ತಾ ಹೋಗುತ್ತದೆ, ಮತ್ತೆ ದುಡ್ಡು ಕೂಡಿಸಬೇಕು. ಹೆಸರು ಉಳಿಯುತ್ತದೆ, ನಿಜ. ಆದರೆ ದತ್ತಿಗೆ ಕೊಟ್ಟವರು ಒಂದು ಸಲ ಕೊಟ್ಟು ಮುಗಿಸುತ್ತಾರೆ, ಆಮೇಲೆ ಅವರಿಗೂ ವಿಭಾಗಕ್ಕೂ ಮಾತಿಲ್ಲ.

ನೇರ ಸಹಾಯ ಅಂದರೆ ಪರೀಕ್ಷೆ ಶುಲ್ಕ, ಮೆಸ್ ಬಿಲ್ಲು, ಫೀಲ್ಡ್ ಟ್ರಿಪ್ ಖರ್ಚು. ಚಾಮರಾಜನಗರ ಕಡೆಯ ಒಬ್ಬ ಹುಡುಗಿ ಸ್ಟಡಿ ಟೂರ್‌ಗೆ ಬರುವುದಿಲ್ಲ ಅಂದಳು, ಕಾರಣ ಹೇಳಲಿಲ್ಲ. ಮೇಡಂ ಒಬ್ಬರು ವಿಚಾರಿಸಿ ಗುಂಪಿಗೆ ಹೆಸರು ಹೇಳದೆ ತಿಳಿಸಿದರು. ಸಂಜೆಯೊಳಗೆ ದುಡ್ಡು ಬಂತು, ಅವಳು ಟೂರ್‌ಗೆ ಹೋದಳು. ಇದರಲ್ಲಿ ಒಂದು ನಿಯಮ ಮುರಿಯಬಾರದು: ಕೊಟ್ಟವರಿಗೆ ಹೆಸರು ಬೇಡ, ತೆಗೆದುಕೊಂಡವರ ಫೋಟೋ ಬೇಡ. ಅವಳನ್ನು ವೇದಿಕೆಗೆ ಕರೆದು ಚೆಕ್ ಕೊಟ್ಟಿದ್ದರೆ ನಮಗೇ ನಾಚಿಕೆ ಆಗಬೇಕಿತ್ತು.

ದುಡ್ಡಿನ ಕೆಲಸಕ್ಕೆ ಇಳಿದರೆ ಸಂಘ ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಆಗುತ್ತದೆ. ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲು 80ಜಿ ಅನುಮೋದನೆ ಬೇರೆಯೇ ತೆಗೆದುಕೊಳ್ಳಬೇಕು, ಮತ್ತೆ ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿ ಸಿಗುವುದಿಲ್ಲ ಅಂತ ಮುಂಚೆಯೇ ಹೇಳಿಬಿಡಿ. ವಿದೇಶದ ದುಡ್ಡಿನ ವಿಷಯದಲ್ಲಿ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದ್ದು ಆಗುತ್ತದೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಅವರಿಂದ ನಾವು ಸಮಯ ಕೇಳುತ್ತೇವೆ. ಶನಿವಾರ ರಾತ್ರಿ ಎಂಟೂವರೆಗೆ ಇಲ್ಲಿನ ಮಕ್ಕಳು ಕೂತರೆ ಅಮೆರಿಕದಲ್ಲಿ ಬೆಳಿಗ್ಗೆ. ಒಬ್ಬ ಹಿರಿಯರಿಗೆ ಇಬ್ಬರು ವಿದ್ಯಾರ್ಥಿಗಳು, ಒಂದು ವೀಡಿಯೊ ಕಾಲ್, ಅರ್ಜಿ ತಿದ್ದುವುದು, ಸಂದರ್ಶನದ ಅಭ್ಯಾಸ, ಇಂಗ್ಲಿಷ್ ಭಯ ಬಿಡಿಸುವುದು. ನಾನು ಮಾಡಿ ನೋಡಿದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಈ ಜೋಡಿ ಮಾಡುವ ಕೆಲಸವೇ. ಹೀಗೆ ಸಹಾಯ ಪಡೆದು ಕೆಲಸಕ್ಕೆ ಸೇರಿದ ಹುಡುಗರು ಯಾರೂ ಹೇಳದೆಯೇ ಮುಂದಿನ ಬ್ಯಾಚಿನವರನ್ನು ಕೈ ಹಿಡಿಯುತ್ತಿದ್ದಾರೆ.

ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ, ಮೊದಲು ಶೀಟು, ಆಮೇಲೆ ಪತ್ರ, ಜೊತೆಗೇ ಜೋಡಿ. ವಾಟ್ಸಾಪ್ ನೋಟಿಸ್ ಬೋರ್ಡಿಗೆ. ಸಮ್ಮಿಲನ ಎರಡನೇ ವರ್ಷಕ್ಕೆ, ದತ್ತಿ ಅದಾದ ಮೇಲೆ.

ಇನ್ನೂ ಪೂರ್ತಿ ಆಗದ ಒಂದು ಕೆಲಸ ಇದೆ. 60, 70ರ ದಶಕದಲ್ಲಿ ಓದಿದವರಲ್ಲಿ ಎಷ್ಟೋ ಜನ ಸ್ಮಾರ್ಟ್‌ಫೋನ್ ಹಿಡಿಯುವುದಿಲ್ಲ. ಅವರಿಗೆ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದೇವೆ, ಇನ್‌ಲ್ಯಾಂಡ್ ಲೆಟರಿನಲ್ಲಿ ಉತ್ತರ ಬರುತ್ತಿದೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಆ ಕಾಲದಲ್ಲಿ ಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದ ಅಜ್ಜ, ಅಜ್ಜಿ, ಮೇಷ್ಟ್ರು ಯಾರಾದರೂ ಇದ್ದರೆ ಅವರನ್ನು ಕೇಳಿ, ಒಪ್ಪಿದರೆ ನಿಮಗೆ ಗೊತ್ತಿರುವ ನಮ್ಮ ಬ್ಯಾಚಿನವರ ಕೈಗೆ ಅವರ ವಿಳಾಸ ಕೊಡಿ. ಪಿನ್‌ಕೋಡ್ ಮರೆಯಬೇಡಿ.