ಆನ್‌ಲೈನ್ ಡಿಪ್ಲೊಮಾ, ವಾರಾಂತ್ಯದ ಡಿಪ್ಲೊಮಾ: ಅಭಿವ್ಯಕ್ತಿ ಕಲಾ ಚಿಕಿತ್ಸೆಯನ್ನು ನಾನು ಎರಡು ಕಡೆ ಕಲಿತ ಅನುಭವ

ದಾವಣಗೆರೆ ಬಿಡದೆ ಅಭಿವ್ಯಕ್ತಿ ಕಲಾ ಚಿಕಿತ್ಸೆಯನ್ನು (ಚಿತ್ರ, ಚಲನೆ, ದನಿ, ಬರವಣಿಗೆಗಳನ್ನು ಬೆರೆಸಿ ಮನಸ್ಸಿನ ನೋವಿಗೆ ನೆರವಾಗುವ ವಿಧಾನವನ್ನು) ಕಲಿಯಬಹುದು ಎಂಬ ನಂಬಿಕೆಯಿಂದ ನಾನು ಮೊದಲು ಹಣ ಕಟ್ಟಿದ್ದು ಒಂದು ಆನ್‌ಲೈನ್ ಡಿಪ್ಲೊಮಾಗೆ. ಏಳು ತಿಂಗಳ ನಂತರ ಅದನ್ನು ಅರ್ಧಕ್ಕೇ ಬಿಟ್ಟು, ಬೆಂಗಳೂರಿನ ಕಾಲೇಜೊಂದು ತಿಂಗಳಿಗೆ ಎರಡು ವಾರಾಂತ್ಯಗಳಲ್ಲಿ ನಡೆಸುವ ಸ್ನಾತಕೋತ್ತರ ಡಿಪ್ಲೊಮಾಗೆ ಸೇರಿ, ಅದನ್ನು ಪೂರ್ತಿ ಮಾಡಿದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ನಾನು ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದವಳು. ಈಗ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಚಿತ್ರ ಬಿಡಿಸುವಾಗ ಮಕ್ಕಳು ಹೇಳಿಕೊಳ್ಳುವ ಸಂಗತಿಗಳನ್ನು ಕೇಳಿಸಿಕೊಂಡು ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿದ್ದೇ ಈ ಓದಿಗೆ ಕಾರಣ. ಚಿತ್ರಕಲಾ ಚಿಕಿತ್ಸೆ, ನೃತ್ಯ ಚಿಕಿತ್ಸೆ, ಸಂಗೀತ ಚಿಕಿತ್ಸೆಗಳು ಬೇರೆ ಬೇರೆ ವಿಷಯಗಳಾಗಿ ಬೆಳೆದು ಬಂದಿವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೆಸ್ಲಿ ಕಾಲೇಜಿನಲ್ಲಿ ಶಾನ್ ಮ್ಯಾಕ್‌ನಿಫ್ 1974ರಲ್ಲಿ ಆರಂಭಿಸಿದ ಸ್ನಾತಕೋತ್ತರ ಶಿಕ್ಷಣದಲ್ಲಿ ಇವೆಲ್ಲ ಒಂದೇ ಸೂರಿನಡಿ ಬಂದವು. ಅಲ್ಲಿಯೇ ಕಲಿಸುತ್ತಿದ್ದ ಪಾವೊಲೊ ಕ್ನಿಲ್, ಒಂದೇ ಕೂಟದಲ್ಲಿ, ಎಂದರೆ ಚಿಕಿತ್ಸೆಯ ಒಂದು ಸೆಷನ್‌ನಲ್ಲಿ, ಒಂದು ಕಲೆಯಿಂದ ಇನ್ನೊಂದಕ್ಕೆ ದಾಟುವ ಕ್ರಮವನ್ನು ಈ ಕ್ಷೇತ್ರದ ನಡುಗಂಬವನ್ನಾಗಿ ಮಾಡಿದರು. ಜೇಡಿಮಣ್ಣಿನಲ್ಲಿ ಮಾಡಿದ ಆಕಾರವನ್ನು ಮೈಯ ಚಲನೆಯಾಗಿಸುವುದು, ಆ ಚಲನೆಗೆ ದನಿ ಕೂಡಿಸುವುದು, ಕೊನೆಗೆ ನಾಲ್ಕು ಸಾಲು ಬರೆಯುವುದು, ಹೀಗೆ ಸಾಗುತ್ತದೆ ಕೆಲಸ. ಕೌಶಲ ಕಡಿಮೆಯಿದ್ದರೂ ಸಾಕು, ಸಂವೇದನೆ ಚುರುಕಾಗಿರಬೇಕು ಎಂಬುದು ಕ್ನಿಲ್ ಅವರ ನಿಲುವು. ಚಿತ್ರ ಬರದ ಮಗುವಿಗೂ ಇಲ್ಲಿ ಜಾಗವಿರುವುದು ಅದರಿಂದಲೇ.

ಈ ದಾಟುವಿಕೆಯನ್ನು ಪರದೆಯ ಮುಂದೆ ಕುಳಿತು ಕಲಿಯುವುದು ಕಷ್ಟ. ಆನ್‌ಲೈನ್ ತರಗತಿಯಲ್ಲಿ ಮಣ್ಣಿನ ಪಾಠದ ದಿನ ನಾನು ಕುಂಬಾರರ ಮನೆಯಿಂದ ಹದಮಾಡಿದ ಮಣ್ಣು ತಂದು ಕುಳಿತಿದ್ದೆ. ಆದರೆ ಕ್ಯಾಮೆರಾ ನನ್ನ ಮುಖವನ್ನು ತೋರಿಸುತ್ತಿತ್ತೇ ಹೊರತು ಕೈಗಳನ್ನು ತೋರಿಸಲಿಲ್ಲ. ಕಲಿಸುವವರು ನನ್ನ ಮುಖಭಾವ ನೋಡಿ ಪ್ರಶ್ನೆ ಕೇಳುತ್ತಿದ್ದರು. ಬೆಂಗಳೂರಿನ ಮೊದಲ ತರಗತಿಯಲ್ಲಿ ಅದೇ ಅಭ್ಯಾಸ ಮಾಡುವಾಗ ಶಿಕ್ಷಕಿ ಪಕ್ಕಕ್ಕೆ ಬಂದು ಕುಳಿತು, ನನ್ನ ಎಡಗೈ ಮಣ್ಣನ್ನು ಮುಟ್ಟುತ್ತಲೇ ಇಲ್ಲವೆಂಬುದನ್ನು ಗಮನಿಸಿ ಹೇಳಿದರು. ಅದನ್ನು ನಾನು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ.

ಆದರೂ ನಾನು ಆನ್‌ಲೈನ್ ಓದನ್ನು ಬಿಟ್ಟದ್ದು ಇದಕ್ಕಾಗಿ ಅಲ್ಲ. ಬಿಡುವಂತೆ ಮಾಡಿದ್ದು ಮೇಲ್ವಿಚಾರಣೆ, ಈ ಕ್ಷೇತ್ರದವರ ಮಾತಿನಲ್ಲಿ ಸೂಪರ್‌ವಿಷನ್. ಕಲಿಯುವವರು ನಿಜವಾದ ಜನರೊಡನೆ ಕೂಟ ನಡೆಸಿ, ನಡೆದದ್ದನ್ನು ಅನುಭವಿಗಳೊಬ್ಬರ ಮುಂದಿಟ್ಟು ಚರ್ಚಿಸಬೇಕು. ಎರಡೂ ಕಡೆ 60 ಗಂಟೆಗಳ ಕೂಟ, ಪ್ರತಿ ಐದು ಗಂಟೆಗೆ ಒಂದು ಗಂಟೆಯ ಚರ್ಚೆ ಎಂಬ ನಿಯಮವಿತ್ತು. ಆನ್‌ಲೈನ್ ಸಂಸ್ಥೆಯ ಮಾಹಿತಿ ಪುಸ್ತಿಕೆಯಲ್ಲಿ ‘ಮೇಲ್ವಿಚಾರಣೆಯ ವ್ಯವಸ್ಥೆ ಇದೆ’ ಎಂದಿದ್ದುದನ್ನು ನಾನು ಶುಲ್ಕದಲ್ಲಿ ಅದೂ ಸೇರಿದೆಯೆಂದು ಓದಿಕೊಂಡಿದ್ದೆ. ಐದನೆಯ ತಿಂಗಳಲ್ಲಿ ಮೂರು ಹೆಸರುಗಳ ಪಟ್ಟಿ ಬಂತು. ಗಂಟೆಗೆ 1,800 ರೂಪಾಯಿಯನ್ನು ನಾನೇ ಪ್ರತ್ಯೇಕವಾಗಿ ಕೊಡಬೇಕಾಗಿತ್ತು, ಮತ್ತು ಆ ಮೂವರಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಕೂಟದ ದಾಖಲೆಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಕನ್ನಡದಲ್ಲಿ ಬರೆದದ್ದನ್ನು ಮೌಲ್ಯಮಾಪಕರು ಓದಲಾರರು ಎಂಬ ಉತ್ತರವೂ ಬಂತು. ಅವರ ಕಡೆಯಿಂದ ಅದು ನ್ಯಾಯವೇ ಇರಬಹುದು. ನನ್ನ ಕೆಲಸ ಮಾತ್ರ ಅಲ್ಲಿಗೆ ಕುಂಟತೊಡಗಿತು.

ನಾನು ಕೂಟ ನಡೆಸುತ್ತಿದ್ದುದು ಮಕ್ಕಳ ವಸತಿನಿಲಯವೊಂದರಲ್ಲಿ. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಒಬ್ಬ ಹುಡುಗ ಪ್ರತಿ ಬಾರಿಯೂ ಮಣ್ಣಿನಲ್ಲಿ ಬಾಯಿ ಮುಚ್ಚಿದ ಮಡಕೆಯನ್ನೇ ಮಾಡುತ್ತಿದ್ದ. ಅದರೊಳಗೆ ಏನಿದೆ ಎಂದು ಒಂದು ದಿನ ಕೇಳಿದಾಗ “ಹೊಟ್ಟಿಯೊಳಗ ಸಂಕಟ ಆಗ್ತೈತಿ ಮಿಸ್” ಎಂದ. ದಾಖಲೆಯಲ್ಲಿ ನಾನು ‘ಡಿಸ್ಟ್ರೆಸ್’ ಎಂದು ಬರೆದೆ; ಬೇರೆ ಪದ ಸಿಗಲಿಲ್ಲ. ಮೇಲ್ವಿಚಾರಕರು ಆ ಪದವನ್ನೇ ಹಿಡಿದು, ಮಗುವಿಗೆ ದುಃಖವನ್ನು ಬಣ್ಣಗಳಲ್ಲಿ ತೋರಿಸುವ ಅಭ್ಯಾಸ ಕೊಡಿ ಎಂದು ಸಲಹೆ ನೀಡಿದರು. ಮೂರು ವಾರ ಅದನ್ನೇ ಮಾಡಿಸಿದೆ. ನಾನು ಹೇಳಿದಂತೆ ಹುಡುಗ ಬಣ್ಣ ಹಚ್ಚಿದ, ಮಾತು ನಿಲ್ಲಿಸಿದ.

ಬೆಂಗಳೂರಿನ ತರಗತಿಗೆ ಸೇರಿದ ಮೇಲೆ ಅದೇ ಕೂಟದ ನನ್ನ ಕನ್ನಡ ದಿನಚರಿಯನ್ನು ಹೊಸ ಮೇಲ್ವಿಚಾರಕಿಗೆ ಓದಿ ಹೇಳಿದೆ. ಧಾರವಾಡದ ಕಡೆಯವರಾದ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅವನು ಸಂಕಟ ಅಂದಾಗ ಕೈ ಎಲ್ಲಿತ್ತು?” ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಿದ್ದ ಎಂಬುದು ಆಗ ನೆನಪಾಯಿತು. ನಮ್ಮ ಮಾತಿನಲ್ಲಿ ಸಂಕಟ ಎಂದರೆ ಮನಸ್ಸಿನ ನೋವೂ ಹೌದು, ಹೊಟ್ಟೆ ತೊಳಸುವುದೂ ಹೌದು; ಹೇಳುವವರು ಎರಡನ್ನೂ ಬೇರೆ ಮಾಡಿ ಹೇಳುವುದಿಲ್ಲ. ವಿಚಾರಿಸಿದಾಗ ತಿಳಿದದ್ದು, ಊರಿಗೆ ಹೋಗಿ ಬಂದ ಪ್ರತಿ ಸೋಮವಾರವೂ ಹುಡುಗ ಬೆಳಗಿನ ತಿಂಡಿ ಮುಟ್ಟುತ್ತಿರಲಿಲ್ಲ ಎಂಬುದು. ಮುಂದಿನ ಕೂಟದಲ್ಲಿ ಬಣ್ಣ ಬಿಟ್ಟು ಮತ್ತೆ ಮಣ್ಣಿಗೆ ಬಂದೆವು, ಆ ಕೈ ಇದ್ದ ಜಾಗದಿಂದಲೇ ಶುರುಮಾಡಿದೆವು. ಮಡಕೆಗೆ ಬಾಯಿ ಬರಲು ಇನ್ನೂ ಎರಡು ತಿಂಗಳು ಬೇಕಾಯಿತು. ಎದೆ ಝಲ್ಲೆನ್ನುವುದು, ಕರುಳು ಹಿಂಡಿದಂತಾಗುವುದು, ಜೀವ ಹಗುರಾಗುವುದು, ಇವನ್ನೆಲ್ಲ ಮೈಯಲ್ಲೇ ಇಟ್ಟುಕೊಂಡು ಮಾತಾಡುವ ಮಕ್ಕಳೊಡನೆ ಕೆಲಸ ಮಾಡಲು ಹೊರಟವರಿಗೆ ಆ ಭಾಷೆಯನ್ನು ಕೇಳಬಲ್ಲ ಮೇಲ್ವಿಚಾರಕರು ಸಿಗದಿದ್ದರೆ, ಉಳಿದ ಪಾಠವೆಲ್ಲ ಎಷ್ಟೇ ಚೆನ್ನಾಗಿದ್ದರೂ ಅರ್ಧವೇ.

ಪಠ್ಯಕ್ರಮದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಓದಲು ಕೊಟ್ಟ ಸಾಮಗ್ರಿ ಆನ್‌ಲೈನ್‌ನಲ್ಲೇ ಹೆಚ್ಚು ಅಚ್ಚುಕಟ್ಟಾಗಿತ್ತು. ಸಹಪಾಠಿಗಳ ವಿಷಯದಲ್ಲಿ ಬೆಂಗಳೂರೇ ಮೇಲು: ಸಾಣೇಹಳ್ಳಿಯಲ್ಲಿ ರಂಗತರಬೇತಿ ಪಡೆದ ಒಬ್ಬರು ನಮ್ಮ ಗುಂಪಿನಲ್ಲಿದ್ದು, ನೋಡುಗರಿಗಾಗಿ ಅಭಿನಯಿಸುವುದಕ್ಕೂ ನೋಡುಗರೇ ಇಲ್ಲದ ಕೋಣೆಯಲ್ಲಿ ಪಾತ್ರ ವಹಿಸುವುದಕ್ಕೂ ಇರುವ ಅಂತರವನ್ನು ಅವರಿಂದ ಕಲಿತೆ.

ಪ್ರಮಾಣಪತ್ರದ ಬಲದ ಬಗ್ಗೆ ಭ್ರಮೆ ಬೇಡ. ಈ ಎರಡರಲ್ಲಿ ಯಾವುದೂ ನಮ್ಮನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುವುದಿಲ್ಲ; ಆ ಹೆಸರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದರ ಓದಿನ ದಾರಿಯೇ ಬೇರೆ. ಹಾಗಾದರೆ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೇ ಮಾಡಬಾರದೇಕೆ? ನಾನೂ ದೂರಶಿಕ್ಷಣದಲ್ಲಿ ಅದನ್ನು ಮಾಡುವ ಯೋಚನೆಯಲ್ಲಿದ್ದೆ. ಆದರೆ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಕ್ರಮದಲ್ಲಿ ನಡೆಸದಂತೆ ಯುಜಿಸಿ ನಿಲ್ಲಿಸಿದೆ. ಈಗ ಎರಡು ವರ್ಷ ಕೆಲಸ ಬಿಟ್ಟು ತರಗತಿಯಲ್ಲಿ ಕೂರಬೇಕು, ಅದು ನನ್ನ ಮನೆಯ ಸ್ಥಿತಿಯಲ್ಲಿ ಆಗದು. ವಿದೇಶದ ಪದವಿಯ ವಿಚಾರವನ್ನು ಶುಲ್ಕ ನೋಡಿದ ದಿನವೇ ಕೈಬಿಟ್ಟೆ. ಇಪ್ಪತ್ತೊಂದರ ವಯಸ್ಸಿನ, ಸಂಬಳವನ್ನು ನೆಚ್ಚಿಕೊಂಡಿರದ ವಿದ್ಯಾರ್ಥಿಗಳಿಗೆ ಮಾತ್ರ ನನ್ನ ಸಲಹೆ ಬೇರೆ: ಮೊದಲು ಎಂ.ಎಸ್ಸಿ. ಮುಗಿಸಿ, ಆಮೇಲೆ ಕಲಾ ಚಿಕಿತ್ಸೆಗೆ ಬನ್ನಿ.

ಹಣದ ಲೆಕ್ಕ ಹೀಗಿದೆ. ಆನ್‌ಲೈನ್‌ಗೆ 52,000 ರೂಪಾಯಿ ಶುಲ್ಕ. ಪೂರ್ತಿ ಮಾಡಿದ್ದರೆ ಮೇಲ್ವಿಚಾರಣೆಯ 21,600 ಸೇರಿ 73,600 ಆಗುತ್ತಿತ್ತು. ಬೆಂಗಳೂರಿಗೆ ಶುಲ್ಕ 95,000, ಮೇಲ್ವಿಚಾರಣೆ ಅದರಲ್ಲೇ ಸೇರಿತ್ತು. 22 ಬಾರಿ ಹೋಗಿ ಬರಲು ತಲಾ 900ರಂತೆ 19,800. ಒಟ್ಟು 1,14,800. ಉಳಿದುಕೊಳ್ಳಲು ಚಿಕ್ಕಮ್ಮನ ಮನೆ ಇಲ್ಲದಿದ್ದರೆ ಈ ಲೆಕ್ಕ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಶುಕ್ರವಾರ ರಾತ್ರಿಯ ರೈಲಿನಲ್ಲಿ ನಿದ್ದೆ ಮಾಡಬಲ್ಲವಳು ನಾನು, ಪರದೆಯ ಮುಂದೆ ಎರಡು ಗಂಟೆ ಕೂರಲಾರೆ. ಇದಕ್ಕೆ ತದ್ವಿರುದ್ಧವಾದ ಅಭ್ಯಾಸವಿರುವವರ ಆಯ್ಕೆ ಬೇರೆಯಾದರೂ, ಹಣ ಕಟ್ಟುವ ಮೊದಲು ಮೇಲ್ವಿಚಾರಕರು ಯಾರು, ಅವರ ಭಾಷೆ ಯಾವುದು, ಅವರ ಶುಲ್ಕ ಯಾರ ಪಾಲಿನದು ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.

ಡಿಪ್ಲೊಮಾ ಮುಗಿದ ಮೇಲೂ ನಾನು ತಿಂಗಳಿಗೊಮ್ಮೆ ಅದೇ ಮೇಲ್ವಿಚಾರಕಿಯ ಬಳಿ ಹೋಗಿ ಬರುತ್ತಿದ್ದೇನೆ. ಆ ಒಂದು ಗಂಟೆಯ ಹಣವನ್ನು ಈಗ ನಾನೇ ಕೊಡುತ್ತೇನೆ, ದಿನಚರಿಯನ್ನು ಕನ್ನಡದಲ್ಲೇ ಓದುತ್ತೇನೆ.